ಜೋಳದ ರಾಶಿಯೊಳಗಿನ ಗಡಿಗೆ

ಒಣದ್ರಾಕ್ಷಿ ಕಂಡರೆ ನನಗೀಗ ವಾಕರಿಕೆ ಬರುತ್ತದೆ. ಶಾವಿಗೆ ಪಾಯಸದಲ್ಲಿ ಉಬ್ಬಿಕೊಂಡು ತೇಲುವ ದ್ರಾಕ್ಷಿಯನ್ನು ಚಮಚದ ತುದಿಯಿಂದ ಬಟ್ಟಲಿನ ಅಂಚಿಗೆ ತಳ್ಳುತ್ತೇನೆ. ಮದುವೆ ಮನೆಗಳಲ್ಲಿ ಬಡಿಸುವವರು ನೋಡಿ, ‘ಯಾಕ್ರೀ ಅಕ್ಕೋರ, ಛಲೋ ಆಗಿಲ್ಲೇನು?’ ಎಂದು ಕೇಳುತ್ತಾರೆ. ಛಲೋ ಆಗಿರುತ್ತದೆ. ದ್ರಾಕ್ಷಿಯದೇನೂ ತಪ್ಪಿಲ್ಲ. ಅದನ್ನು ಬೆಲ್ಲದ ಜೊತೆ ಗಡಿಗೆಯಲ್ಲಿ ಕೊಳೆಸಿ, ಗಡಿಗೆಗೆ ವಿಭೂತಿ ಹಚ್ಚಿ, ಬಸುರಿ ಹೆಂಗಸಿಗೆ ಕುಡಿಸಿದ ಮನೆಯೊಂದನ್ನು ನಾನು ಬಲ್ಲೆ. ಆ ಮನೆಗೆ ನಾವು ನನ್ನ ತಂಗಿಯನ್ನು ಕೊಟ್ಟಿದ್ದೆವು.

ನಾನು ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಗೃಹವಿಜ್ಞಾನ ಕಲಿಸುತ್ತೇನೆ. ಮನೆ ಕೆಲಗೇರಿ ಕೆರೆಯ ಹತ್ತಿರ. ತಂಗಿಯದು ಹುಬ್ಬಳ್ಳಿ, ದುರ್ಗದಬೈಲಿನ ಒಂದು ಇಕ್ಕಟ್ಟಾದ ಓಣಿ. ಮುಂದೆ ಕಾಳಿನ ಅಂಗಡಿ, ನಡುವೆ ಮನೆ, ಹಿಂದೆ ಜೋಳ ಗೋಧಿ ತುಂಬಿಡುವ ಗೋದಾಮು. ಸಂಬಂಧ ಗೊತ್ತಾದಾಗ ನಮ್ಮ ಬಳಗದವರೆಲ್ಲ ಮೂಗಿನ ಮೇಲೆ ಬೆರಳಿಟ್ಟಿದ್ದರು. ಅಷ್ಟು ಆಚಾರವಂತರ ಮನೆ. ತಂಗಿಯ ಮಾವ ಲಿಂಗಪೂಜೆ ಮಾಡದೆ ಒಂದು ಗುಟುಕು ನೀರೂ ಮುಟ್ಟುವವರಲ್ಲ. ನಮ್ಮದೂ ಅದೇ ಧರ್ಮ, ನಮ್ಮ ಕೊರಳಲ್ಲೂ ಅದೇ ಲಿಂಗ. ಆದರೆ ಅವರು ಅದನ್ನು ಕಟ್ಟಿಕೊಂಡಿರುವ ರೀತಿ ನೋಡಿದರೆ, ಉಳಿದವರೆಲ್ಲ ಸುಮ್ಮನೆ ದಾರ ಹಾಕಿಕೊಂಡಿದ್ದಾರೇನೋ ಅನ್ನಿಸಬೇಕು.

ತಂಗಿಗೆ ಮೊದಲನೆಯದು ಮೂರು ತಿಂಗಳಿಗೇ ಹೋಯಿತು. ಎರಡನೆಯ ಸಲ ಬಸುರಾದಾಗ ಆರನೇ ತಿಂಗಳಲ್ಲಿ ನೋಡಿಕೊಂಡು ಬರಲೆಂದು ಹೋಗಿದ್ದೆ. ನಾನು ಹೋದ ಹೊತ್ತಿಗೆ ಒಬ್ಬ ಹಮಾಲ ಚೀಲ ಇಳಿಸಿ, ಕುಡಿಯಲು ನೀರು ಕೇಳುತ್ತ ಒಳಬಾಗಿಲ ಹತ್ತಿರ ಬಂದ. ಅವನು ಕುಡಿದಿದ್ದ. ಅಂಗಡಿಯ ಗದ್ದುಗೆಯ ಮೇಲೆ ಕೂತಿದ್ದ ಮಾವನವರು ಹೆಗಲ ಮೇಲಿನ ವಲ್ಲಿಯನ್ನು ಸರಕ್ಕನೆ ಎಳೆದು ಮೂಗಿಗೆ ಒತ್ತಿಕೊಂಡರು. ಇನ್ನೊಂದು ಕೈ ಎದೆಯ ಮೇಲಿನ ಲಿಂಗವನ್ನು ಮುಚ್ಚಿತು. ಹಮಾಲನಿಗೆ ಒಂದು ಬೈಗುಳವನ್ನೂ ಬಯ್ಯಲಿಲ್ಲ. ಕೆಲಸದವಳನ್ನು ಕರೆದು, ‘ಹೊಸ್ತಿಲಾ ತಿಕ್ಕಿ ತೊಳಿ’ ಎಂದರು, ಅಷ್ಟೇ. ಅವನು ಇನ್ನೂ ಅಲ್ಲೇ ನಿಂತಿದ್ದ, ಅವನ ಕಾಲ ಬುಡಕ್ಕೇ ಬಕೆಟ್ಟಿನ ನೀರು ಬಿತ್ತು. ಮರುದಿನದಿಂದ ಅವನಿಗೆ ಆ ಅಂಗಡಿಯಲ್ಲಿ ಕೆಲಸವಿರಲಿಲ್ಲ ಎಂದು ತಂಗಿ ಆಮೇಲೆ ಹೇಳಿದಳು.

ಅದೇ ದಿನ ಸಂಜೆ ತಂಗಿ ದೇವರ ಕೋಣೆಗೆ ಹೋಗಿ, ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು, ಸ್ವಲ್ಪ ಹೊತ್ತಿಗೆ ಲವಂಗ ಅಗಿಯುತ್ತ ಹೊರಗೆ ಬಂದಳು. ಕೆನ್ನೆ ಕೆಂಪಾಗಿತ್ತು. ನಾನು ಹೇಳಿದ ಸಪ್ಪೆ ಮಾತಿಗೆಲ್ಲ ಬಿದ್ದು ಬಿದ್ದು ನಕ್ಕಳು. ಆಮೇಲೆ ಊಟಕ್ಕೂ ಏಳದೆ ಮಲಗಿಬಿಟ್ಟಳು.

‘ಔಷಧ ಹತ್ತೇತಿ ನೋಡ್ರಿ, ಮೈ ಹೆಂಗ ತುಂಬಾಕತ್ತೇತಿ’ ಎಂದು ಅವಳ ಅತ್ತೆ ಖುಷಿಯಿಂದ ಹೇಳಿದರು.

‘ಯಾವ ಔಷಧರಿ? ಡಾಕ್ಟರಿಗೆ ತೋರ್ಸೀರಿಲ್ಲೋ?’ ಎಂದು ಕೇಳಿದೆ.

‘ಮನಿ ಔಷಧ ಅಕ್ಕೋರ. ಡಾಕ್ಟರ ಗುಳಿಗಿ ಡಾಕ್ಟರಿಗೆ, ನಮ್ಮದು ನಮಗ. ಇದನ್ನ ಮನಿ ಬಿಟ್ಟ ಹೊರಗ ಹೇಳಂಗಿಲ್ಲ. ಹೇಳಿದ್ರ ಗುಣ ಹೋಗತೈತಿ.’

ಮರುದಿನ ತಂಗಿಯನ್ನು ಬೇರೆ ಕರೆದು ಕೇಳಿದರೆ ಅವಳೂ ಅದನ್ನೇ ಹೇಳಿದಳು. ದೇವರ ಜಗಲಿ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದರಂತೆ. ಒಂದು ಕೂಸು ಕಳೆದುಕೊಂಡವಳಿಗೆ, ಈ ಕೂಸು ಉಳಿಯಬೇಕಾದರೆ ಬಾಯಿ ಮುಚ್ಚಿಕೊಂಡಿರು ಎಂದರೆ ಅವಳು ಬಾಯಿ ತೆರೆಯುತ್ತಾಳೆಯೇ? ಅವಳ ಹೆದರಿಕೆಯನ್ನು ಅವರು ಬೀಗದ ಕೈಯ ಹಾಗೆ ಸೊಂಟಕ್ಕೆ ಸಿಗಿಸಿಕೊಂಡಿದ್ದರು.

ಹುಟ್ಟಿದ್ದು ಹೆಣ್ಣು. ತೀರ ಸಣ್ಣ ಕೂಸು, ಅಂಗೈಯಷ್ಟು ಮುಖ, ಕಿರಿದಾದ ಕಣ್ಣು, ಗೆರೆ ಎಳೆದಂಥ ತೆಳ್ಳನೆಯ ಮೇಲ್ತುಟಿ. ಮೂಗಿಗೂ ತುಟಿಗೂ ನಡುವೆ ಎಲ್ಲರಿಗೂ ಇರುವ ಸಣ್ಣ ತಗ್ಗು ಅವಳಿಗಿರಲಿಲ್ಲ. ‘ತುಟಿ ಎಷ್ಟ ಸಣ್ಣದೈತಿ ನೋಡ್ರಿ, ರಾಣಿ ಆಗ್ತಾಳ’ ಎಂದು ಬಂದವರೆಲ್ಲ ಹೊಗಳಿದರು. ನಾನೂ ಎತ್ತಿಕೊಂಡು ಮುದ್ದು ಮಾಡಿದೆ. ಆ ಮಗು ನಮ್ಮೆಲ್ಲರ ಕೈಯಲ್ಲೂ ಒಂದೇ ಸಮನೆ ಅಳುತ್ತಿತ್ತು.

ಅಳು ನಿಲ್ಲಲೇ ಇಲ್ಲ ಎಂದರೂ ನಡೆದೀತು. ಕುಕ್ಕರ್ ಸೀಟಿ ಹೊಡೆದರೆ ಬೆಚ್ಚಿ ನೀಲಿಯಾಗುವಷ್ಟು ಅರಚುತ್ತಿದ್ದಳು. ಬೇರೆ ಮಕ್ಕಳಿಗೆ ವರ್ಷಕ್ಕೊಂದೆರಡು ಸಲ ಬರುವ ನೆಗಡಿ ಅವಳಿಗೆ ಒಂದು ಮುಗಿಯುವುದರೊಳಗೆ ಇನ್ನೊಂದು. ಕಿವಿ ಸೋರುವುದು ತಪ್ಪಲಿಲ್ಲ. ದಿಂಬಿನ ಮೇಲೆ ಯಾವಾಗಲೂ ಹಳದಿ ಕಲೆ, ಅದರ ವಾಸನೆ. ಶಾಲೆಗೆ ಹಾಕಿದ ಮೇಲೆ ನಿನ್ನೆ ಬಂದ ಅಕ್ಷರ ಇವತ್ತು ಬರುತ್ತಿರಲಿಲ್ಲ. ಪಕ್ಕದ ಹುಡುಗಿ ಪೆನ್ಸಿಲ್ ಕೇಳಿದರೆ ಕಚ್ಚುತ್ತಿದ್ದಳು. ಕಚ್ಚಿದ ಮೇಲೆ ತಾನೇ ಹೆದರಿ ಬೆಂಚಿನ ಕೆಳಗೆ ಹೋಗಿ ಕೂರುತ್ತಿದ್ದಳು. ಅರ್ಧ ತಾಸಾದರೂ ಅವಳ ಎದೆ ಢವಢವ ಎನ್ನುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಇಂಥ ಮಗು ನನ್ನ ಮನೆಗೆ ಬಂದಾಗ ನನ್ನ ಸೀರೆಯ ಸೆರಗಿನೊಳಗೆ ತಲೆ ಹುದುಗಿಸಿ, ‘ದೊಡ್ಡವ್ವಾ, ಇಲ್ಲೆ ಸಪ್ಪಳಿಲ್ಲ’ ಎಂದು ಹೇಳುತ್ತಿದ್ದಳು.

ಆ ಮನೆಯವರು ಮಾಡಿದ ಉಪಚಾರ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ದೃಷ್ಟಿ ತೆಗೆದರು. ತಾಯತ ಕಟ್ಟಿದರು. ಸೋರುವ ಕಿವಿಗೆ ಬಿಸಿ ಎಣ್ಣೆ ಬಿಟ್ಟರು. ಬಾಯಿಗೆ ಮೆಣಸಿನಕಾಯಿ ಒರೆಸಿ ಕಚ್ಚುವುದನ್ನು ಬಿಡಿಸಲು ನೋಡಿದರು. ಯಾವುದೂ ಫಲ ಕೊಡದೆ ಹೋದಾಗ ಬೆರಳು ತಂಗಿಯ ಕಡೆ ತಿರುಗಿತು. ‘ನಿಮ್ಮ ತವರಮನಿ ಕಡೆ ಯಾರರ ಹಿಂಗ ಇದ್ದರೇನು?’ ಎಂದು ಅವಳ ಅತ್ತೆ ನನ್ನನ್ನೇ ಕೇಳಿದರು, ಅದೂ ನಗುನಗುತ್ತ, ಚಹಾದ ಕಪ್ಪು ಕೈಗೆ ಕೊಡುತ್ತ. ಆ ಚಹಾವನ್ನು ನಾನು ಕುಡಿಯಲಿಲ್ಲ.

ಶಾಲೆಯವರು ಇನ್ನು ಇಟ್ಟುಕೊಳ್ಳಲಾರೆವು ಎಂದು ಹೇಳುವ ಹೊತ್ತಿಗೆ ಮಗುವಿಗೆ ಎಂಟು ವರ್ಷ. ನಾನೇ ಹಟ ಹಿಡಿದು ಧಾರವಾಡದ ಮಕ್ಕಳ ಡಾಕ್ಟರೊಬ್ಬರ ಹತ್ತಿರ ಕರೆಸಿದೆ. ವಯಸ್ಸಾದ ಹೆಂಗಸು, ಗಡಿಬಿಡಿ ಇಲ್ಲದವರು. ತಂಗಿ, ತಂಗಿಯ ಗಂಡ, ನಾನು ಕೂತಿದ್ದೆವು. ಡಾಕ್ಟರು ಮಗುವಿನ ಮುಖವನ್ನು ಬಹಳ ಹೊತ್ತು ನೋಡಿದರು. ತುಟಿಯ ಮೇಲೆ ಬೆರಳಾಡಿಸಿದರು. ಆಮೇಲೆ ತಂಗಿಯ ಕಡೆ ತಿರುಗಿ ಕೇಳಿದರು:

‘ಬಸರಿದ್ದಾಗ ಏನರ ಕುಡಿಯೂದು ಇತ್ತೇನ್ರಿ? ತಪ್ಪ ತಿಳೀಬ್ಯಾಡ್ರಿ, ನಾ ಎಲ್ಲಾರಿಗೂ ಕೇಳ್ತೇನಿ.’

ತಂಗಿಯ ಗಂಡ ಕುರ್ಚಿ ಹಿಂದೆ ಬೀಳುವಂತೆ ಎದ್ದ. ‘ನಮ್ಮ ಮನಿ ಎಂಥಾದ್ದಂತ ದುರ್ಗದಬೈಲಿನ್ಯಾಗ ಯಾರಿಗರ ಕೇಳ್ರಿ! ಕೊರಳಾಗ ಲಿಂಗ ಕಟ್ಟಿದವ್ರು ನಾವು!’ ಕುರ್ಚಿಯ ಸಪ್ಪಳಕ್ಕೆ ಮಗು ಕಿರುಚಿತು. ಅವನು ಮಗುವನ್ನು ತಿರುಗಿಯೂ ನೋಡದೆ ಬಾಗಿಲು ಬಡಿದು ಹೊರಟುಹೋದ.

ಮಗು ತಣ್ಣಗಾಗುವವರೆಗೆ ಡಾಕ್ಟರು ಅದರ ಬೆನ್ನ ಮೇಲೆ ಕೈಯಿಟ್ಟು ಕೂತರು. ತಂಗಿಯೇ ಬಾಯಿ ತೆರೆದಳು.

‘ಸೆರೆ ಅಲ್ಲರಿ. ಔಷಧಾ ಕುಡೀತಿದ್ದೆ. ದಿನಾ.’

‘ಯಾವ ಔಷಧ?’

‘ಹೇಳಿದ್ರ ಗುಣ ಹೋಗತೈತಂತ್ರಿ.’

‘ಹೋಗಲಿ ಬಿಡ್ರಿ ಗುಣ’ ಎಂದರು ಡಾಕ್ಟರು. ‘ಹೇಳ್ರಿ.’

ತಂಗಿ ಹೇಳಿದಳು. ಒಣದ್ರಾಕ್ಷಿ ಜಜ್ಜಿ, ಬೆಲ್ಲದ ನೀರು ಹಾಕಿ, ಶುಂಠಿ, ಹಿಪ್ಪಲಿ, ಗ್ರಂಥಿಗೆ ಅಂಗಡಿಯಿಂದ ತಂದ ಯಾವುದೋ ಒಣಹೂ ಸೇರಿಸಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಕಣಕ ಮೆತ್ತಿ, ಗೋದಾಮಿನ ಜೋಳದ ರಾಶಿಯೊಳಗೆ ಹೂತಿಡುತ್ತಾರೆ. ಜೋಳದ ಕಾವಿಗೆ ಅದು ‘ಪಕ್ವ’ವಾಗುತ್ತದೆ. ತಿಂಗಳು ದಾಟಿದ ಮೇಲೆ ತೆಗೆದು, ದೇವರ ಮುಂದಿಟ್ಟು, ಬಸುರಿಗೆ ಮೂರನೇ ತಿಂಗಳಿಂದ ಹೆರಿಗೆಯವರೆಗೆ ದಿನಾ ಸಂಜೆ ಒಂದು ಹಿತ್ತಾಳೆ ಲೋಟ.

ದೋಸೆಹಿಟ್ಟು ಹೇಗೆ ಹುದುಗುತ್ತದೆ, ಹಣ್ಣಿನ ರಸ ಹೇಗೆ ಹೆಂಡವಾಗುತ್ತದೆ ಎಂದು ವರ್ಷ ವರ್ಷ ಹುಡುಗಿಯರಿಗೆ ಪಾಠ ಹೇಳುವ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಕೆಂಪು ಕೆನ್ನೆ, ಆ ನಗು, ಆ ಲವಂಗ, ಊಟ ಬಿಟ್ಟ ನಿದ್ದೆ. ಹೊಸ್ತಿಲ ಆಚೆ ಹಮಾಲನ ಉಸಿರು ಬಿದ್ದದ್ದಕ್ಕೆ ಕಲ್ಲು ತಿಕ್ಕಿ ತೊಳೆಸಿದವರು, ಹೊಸ್ತಿಲ ಈಚೆ ನನ್ನ ತಂಗಿಯನ್ನು ದಿನಾ ಕುಡಿಸಿ ಮಲಗಿಸಿದ್ದರು.

ಡಾಕ್ಟರು ನಿಧಾನವಾಗಿ ಹೇಳಿದರು. ‘ತಾಯಿ ಕುಡಿದದ್ದು ಹೊಟ್ಟ್ಯಾಗಿನ ಕೂಸಿಗೂ ಹೋಗತೈತ್ರಿ. ಅದನ್ನ ಅರಗಿಸಿ ಹೊರಗ ಹಾಕೂ ಶಕ್ತಿ ಕೂಸಿಗೆ ಇರಂಗಿಲ್ಲ. ಮಿದುಳು ಕಟ್ಟೂ ಹೊತ್ತಿನ್ಯಾಗ ದಿನಾ ಅದ ಬಿದ್ದರ, ಕಟ್ಟೂದು ಅಲ್ಲಲ್ಲೆ ತಪ್ಪತೈತಿ. ನಮಗ ಹೆದರಿಕಿ ಆದಾಗ ಮೈಯಾಗ ಒಂದ ಹಾರ್ಮೋನ್ ಏರತೈತಿ. ನಾಯಿ ಬೊಗಳಿದ್ರ ಏರತೈತಿ, ನಾಯಿ ಹೋತಂದ್ರ ಇಳೀತೈತಿ. ಈಕಿಗೆ ಕುಕ್ಕರ್ ಕೂಗಿದ್ರೂ ಏರತೈತಿ, ಮತ್ತ ಲಗೂ ಇಳಿಯಂಗಿಲ್ಲ. ಅದ ಹಾರ್ಮೋನ್ ಮೈ ಕಾಯೂ ಶಕ್ತಿ ಮ್ಯಾಲೂ ಕೈ ಆಡಸತೈತಿ. ಅದಕ್ಕ ಈ ನೆಗಡಿ, ಈ ಕಿವಿ. ಕಚ್ಚೂದು, ಮರೆಯೂದು, ಇದು ಹಟ ಅಲ್ಲರಿ. ಆಕಿ ಮೈನ ಹಂಗ ಕಟ್ಟೇತಿ.’

‘ಖರೇನ ಅದರಿಂದನ ಅಂತೀರೇನ್ರಿ?’ ಎಂದು ನಾನು ಕೇಳಿದೆ.

‘ಹೌದು ಅಂತ ತೋರಸೂ ಒಂದ ರಕ್ತಪರೀಕ್ಷಾ ಇಲ್ಲರಿ. ಆದ್ರ ಮುಖ, ಬೆಳವಣಿಗಿ, ನಡವಳಿಕಿ, ಈಗ ನೀವು ಹೇಳಿದ್ದು, ಎಲ್ಲಾ ಕೂಡಿಸಿದ್ರ ನನಗ ಬ್ಯಾರೆ ಕಾರಣ ಕಾಣವಲ್ದು. ಪೂರ್ತಿ ವಾಸಿ ಮಾಡೂ ಗುಳಿಗಿ ಇಲ್ಲ. ಸುತ್ತಲಿನ ಮಂದಿ ಬದಲಾದ್ರ ಆಕಿಗೆ ಬಾಳ ಹಗುರಾಗತೈತಿ.’

ಸಪ್ಪಳ ಕಡಿಮೆ ಮಾಡಿ, ದಿನಾ ಒಂದೇ ಹೊತ್ತಿಗೆ ಊಟ ನಿದ್ದೆ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಹೊಡೆಯಬೇಡಿ, ಹೆದರಿದಾಗ ಬೆನ್ನ ಮೇಲೆ ಕೈಯಿಟ್ಟು ಜೊತೆಗೆ ಉಸಿರಾಡಿ ಎಂದು ತೋರಿಸಿಕೊಟ್ಟರು. ಬೇರೆ ಶಾಲೆಗೆ ಒಂದು ಚೀಟಿಯನ್ನೂ ಕೊಟ್ಟರು.

ತಂಗಿಯನ್ನು ಬಿಡಲು ನಾನೂ ಹುಬ್ಬಳ್ಳಿಯ ಚಿಗರಿ ಬಸ್ಸು ಹತ್ತಿದೆ. ನವನಗರ ದಾಟುವವರೆಗೆ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮಗು ಅವಳ ತೊಡೆಯ ಮೇಲೆ ಮಲಗಿತ್ತು.

‘ಅಕ್ಕಾ, ಹಂಗಂದ್ರ ನಾ ಕುಡುಕಿ ಆಗಿದ್ನೇನು?’

‘ನೀ ಅಲ್ಲ ತಂಗಿ. ಕುಡಿಸಿದವರು ಬ್ಯಾರೆ ಅದಾರ.’

‘ಸಂಜಿ ಆದ್ರ ನನಗ ಅದು ಬೇಕ ಅನ್ಸತಿತ್ತು ಅಕ್ಕಾ. ಔಷಧ ಮೈಗೆ ಹಿಡದೈತಿ ಅಂತ ಅತ್ತಿಯವರು ಹಿಗ್ಗತಿದ್ದರು.’

ನಾನು ಅವಳ ಕೈ ಹಿಡಿದುಕೊಂಡೆ. ಬಯ್ಯಲು ನನ್ನ ಬಾಯಲ್ಲಿ ಇದ್ದ ಮಾತುಗಳನ್ನು ಬಸ್ಸಿನಲ್ಲಿ ಆಡುವಂತಿರಲಿಲ್ಲ.

ಮನೆಯಲ್ಲಿ ಆಡಿದೆ. ಅವಳ ಅತ್ತೆ ಮಾವ ಇಬ್ಬರನ್ನೂ ಕೂರಿಸಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅತ್ತೆಗೆ ಸಿಟ್ಟು ಬರಲಿಲ್ಲ, ನಗು ಬಂತು. ‘ಸೆರೆ ಅಂದ್ರ ಅಂಗಡ್ಯಾಗ ಸಿಗೂದು ಅಕ್ಕೋರ. ಮಡೀಲೆ ನಮ್ಮ ಕೈಲೆ ಮಾಡಿದ್ದು ಸೆರೆ ಹೆಂಗ ಆಗತೈತಿ?’ ಅವರು ಅದನ್ನು ನಿಜವಾಗಿಯೂ ನಂಬಿದ್ದರು. ಹೊಲಸೆಲ್ಲ ಬೀದಿಯದು, ತಮ್ಮ ಹೊಸ್ತಿಲ ಒಳಗೆ ಹುಟ್ಟಿದ್ದೆಲ್ಲ ಶುದ್ಧ. ಇಂಥ ತಪ್ಪನ್ನು ಕುಡುಕರ ಮನೆಯವರು ಎಂದೂ ಮಾಡಲಾರರು. ಅವರಿಗೆ ಕನಿಷ್ಠ ವಾಸನೆಯ ಪರಿಚಯವಿರುತ್ತದೆ.

ಮಾವನವರು ಕಣ್ಣು ಮುಚ್ಚಿ ಕೂತಿದ್ದರು. ‘ದೇವರ ಮುಂದ ಇಟ್ಟ ಮ್ಯಾಲ ಅದು ಪ್ರಸಾದ’ ಎಂದರು. ‘ಪ್ರಸಾದಕ್ಕ ಹೆಸರಿಡಬಾರದು.’ ಅಷ್ಟು ಹೇಳಿ ಎದ್ದು ಅಂಗಡಿಗೆ ಹೋದರು. ಆ ಶಾಂತ ಮುಖ ನೆನೆಸಿಕೊಂಡರೆ ನನಗೆ ಹಲ್ಲಿಯ ಹೊಟ್ಟೆ ಮುಟ್ಟಿದಂತಾಗುತ್ತದೆ.

ಮಗುವನ್ನು ಬೇರೆ ಶಾಲೆಗೆ ಹಾಕಿದೆವು. ತಂಗಿ ಕುಕ್ಕರ್ ತೆಗೆದಿಟ್ಟು ಪಾತ್ರೆಯಲ್ಲಿ ಅನ್ನ ಮಾಡತೊಡಗಿದಳು. ಮಗು ಕಚ್ಚುವುದು ಕಡಿಮೆಯಾಯಿತು. ಕಿವಿ ಸೋರುವುದು, ಮರೆಯುವುದು ಹಾಗೇ ಉಳಿದವು. ಇಷ್ಟರಲ್ಲಿ ಆ ಮನೆಯ ಚಿಕ್ಕ ಮಗನ ಮದುವೆಯಾಗಿ ಧಾರವಾಡದ ಹತ್ತಿರದ ಹಳ್ಳಿ ಮುಗದದ ರೈತರ ಮನೆಯ ಹುಡುಗಿಯೊಬ್ಬಳು ಸಣ್ಣ ಸೊಸೆಯಾಗಿ ಬಂದಳು. ಕಳೆದ ವರ್ಷ ಒಂದು ದಿನ ತಂಗಿ ಫೋನು ಮಾಡಿದಳು.

‘ಅಕ್ಕಾ, ನನ್ನ ನೆಗೆಣ್ಣಿಗೆ ಮೂರನೇ ತಿಂಗಳು ನಡದೈತಿ. ಗಡಿಗಿ ಮತ್ತ ಜೋಳದಾಗ ಇಟ್ಟು ತಿಂಗಳಾತು. ನಾಳೆ ಕಳ್ಳಕುಬಸ. ನೀ ಬಾ.’

‘ಆಕಿಗೆ ಹೇಳಿಲ್ಲೇನು ನೀ?’

‘ಹೇಳೇನಿ. ನನ್ನ ಕೂಸಿಂದು ಬ್ಯಾರೆ ದೋಷ ಅಂತ ಅತ್ತಿ ಹೇಳ್ಯಾರಂತ. ಆಕಿಗೂ ಹೆದರಿಕಿ. ಕುಡಿದ್ರ ಏನಾಗತೈತೋ ಅಂತ ಒಂದ ಹೆದರಿಕಿ, ಕುಡೀದಿದ್ರ ಇವರು ಏನ ಮಾಡ್ತಾರೋ ಅಂತ ಒಂದ.’

ಕಳ್ಳಕುಬಸವೆಂದರೆ ಬಸಿರು ನಿಂತದ್ದನ್ನು ಊರಿಗೆ ಹೇಳುವ ಮುಂಚೆ ಮನೆಯ ಹೆಂಗಸರಷ್ಟೇ ಸೇರಿ ಮಾಡುವ ಸಣ್ಣ ಶಾಸ್ತ್ರ. ಹಸಿರು ಖಣ, ಹಸಿರು ಬಳೆ, ಉಡಿ ತುಂಬುವುದು, ಮೆಲುದನಿಯಲ್ಲಿ ಒಂದೆರಡು ಹಾಡು. ನಮ್ಮ ಕಡೆಯ ಇಷ್ಟು ಚೆಂದದ ಶಾಸ್ತ್ರ ಇನ್ನೊಂದಿಲ್ಲ ಎಂದು ನಾನು ಹೇಳುತ್ತಿದ್ದವಳು. ಅವತ್ತು ದೇವರ ಕೋಣೆಯ ಬಾಗಿಲಲ್ಲಿ ಕೂತು ಆ ಹಾಡು ಕೇಳುವಾಗ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು. ಗಡಿಗೆ ಜಗಲಿಯ ಮುಂದೆ ಇತ್ತು. ಅದರ ಹೊಟ್ಟೆಗೆ ಜೋಳದ ಧೂಳು ಅಂಟಿತ್ತು. ಬಾಯಿಯ ಕಣಕ ಒಡೆದು ಬಟ್ಟೆ ಬಿಚ್ಚಿದ್ದೇ ತಡ, ಹುಳಿ, ಬೆಲ್ಲ, ಕೊಳೆತ ಹಣ್ಣು ಸೇರಿದ ಘಾಟು ಊದುಬತ್ತಿಯ ಹೊಗೆಯನ್ನೂ ಸೀಳಿಕೊಂಡು ಬಂತು. ಬಗ್ಗಿಸಿದ ಲೋಟದಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಸೊಸೆ ಹಸಿರು ಬಳೆಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು ಅವಳಿಗೆ.

ಲೋಟಕ್ಕೆ ವಿಭೂತಿ ಹಚ್ಚಿಸಲು ಮಾವನವರನ್ನು ಕರೆದರು. ಅವರು ಅಂಗಡಿಯಿಂದ ಬಂದು ಒಳಬಾಗಿಲ ಹೊಸ್ತಿಲ ಆಚೆಯೇ ನಿಂತು, ‘ನೀವ ಹಚ್ಚಿಬಿಡ್ರಿ’ ಎಂದರು. ಅತ್ತೆ ಲೋಟಕ್ಕೆ ಕೈ ಚಾಚಿದರು. ಅಷ್ಟರಲ್ಲಿ ನನ್ನ ತಂಗಿ ಎದ್ದು ಲೋಟ ಎತ್ತಿಕೊಂಡಳು. ಅವಳು ಹೀಗೆ ಮಾಡುತ್ತಾಳೆಂದು ನನಗೂ ಹೇಳಿರಲಿಲ್ಲ. ನೇರ ಮಾವನ ಮುಂದೆ ಹೋಗಿ ಎರಡೂ ಕೈಯಿಂದ ಲೋಟ ಹಿಡಿದಳು.

‘ಪ್ರಸಾದ ಅಂದಿದ್ರೆಲ್ಲ ಮಾವಾರ. ಮೊದಲ ನೀವು ತಗೋರಿ. ಆಮ್ಯಾಲ ಆಕಿ ಕುಡೀಲಿ.’

‘ಹೆಂಗಸರ ಔಷಧ ಅದು’ ಎಂದರು ಅವರು.

‘ಪ್ರಸಾದಕ್ಕ ಹೆಂಗಸು ಗಂಡಸು ಅಂತ ಇರತೈತೇನ್ರಿ? ಒಂದ ಗುಟುಕು.’

ಲೋಟ ಅವರ ಮುಖದ ಹತ್ತಿರ ಹೋಯಿತು. ಅವರು ವಲ್ಲಿಯನ್ನು ಸರಕ್ಕನೆ ಎಳೆದು ಮೂಗಿಗೆ ಒತ್ತಿಕೊಂಡರು. ಇನ್ನೊಂದು ಕೈ ಎದೆಯ ಮೇಲಿನ ಲಿಂಗವನ್ನು ಮುಚ್ಚಿತು.

ಹಾಡು ನಿಂತುಹೋಯಿತು. ಅತ್ತೆ ಗಂಡನ ಆ ಕೈಯನ್ನೇ ನೋಡುತ್ತಿದ್ದರು. ಅವರ ಬಾಯಿ ಅರ್ಧ ತೆರೆದಿತ್ತು. ಆ ಹೆಂಗಸು ಆ ಕ್ಷಣದವರೆಗೆ ನಂಬಿದ್ದಳು. ಮಾವನವರು ನಂಬಿರಲಿಲ್ಲ. ಯಾವತ್ತೂ ನಂಬಿರಲಿಲ್ಲ. ಆ ಘಾಟು ಏನೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ, ತಮ್ಮ ಎದೆಯ ಮೇಲಿನದನ್ನು ಮುಚ್ಚಿಕೊಂಡು, ನನ್ನ ತಂಗಿಯ ಹೊಟ್ಟೆಯೊಳಗಿನದಕ್ಕೆ ಅದನ್ನು ಬಿಟ್ಟಿದ್ದರು. ನನಗೆ ಅವರ ಮೇಲೆ ಉಗುಳಬೇಕು ಅನ್ನಿಸಿತು. ಇದನ್ನು ಬರೆಯುವಾಗಲೂ ಅನ್ನಿಸುತ್ತಿದೆ.

ತಂಗಿ ಲೋಟದಲ್ಲಿದ್ದದ್ದನ್ನು ಹೊಸ್ತಿಲ ಮೇಲೆ ಸುರಿದಳು. ತಿರುಗಿ ಬಂದು ಗಡಿಗೆಯನ್ನೂ ಎತ್ತಿಕೊಂಡು ಹೋಗಿ ಅಲ್ಲೇ ಬಗ್ಗಿಸಿ ಕೈಬಿಟ್ಟಳು. ಉಬ್ಬಿದ ದ್ರಾಕ್ಷಿಗಳು ಕಲ್ಲಿನ ಮೇಲೆ ಉರುಳಿ, ಮಾವನವರ ಬರಿಗಾಲಿನ ಸುತ್ತ ಬಂದು ನಿಂತವು.

‘ಈಗ ಹೊಸ್ತಿಲಾ ತಿಕ್ಕಿ ತೊಳಸ್ರಿ, ಮಾವಾರ.’

ಯಾರೂ ಏಳಲಿಲ್ಲ. ತೊಳೆದರೆ ಅದು ಸೆರೆ ಎಂದು ಒಪ್ಪಿಕೊಂಡಂತೆ. ಹಾಗೇ ಬಿಟ್ಟರೆ ನಾತ. ಕೆಲಸದವಳು ಬಕೆಟ್ಟು ಹಿಡಿದು ಬಂದವಳು ಯಜಮಾನರ ಮುಖ ನೋಡುತ್ತ ನಿಂತಳು, ಅವರು ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಗಡಿಗೆ ಬಿದ್ದ ಸಪ್ಪಳಕ್ಕೆ ತಂಗಿಯ ಮಗಳು ಒಳಗೆ ಎಲ್ಲೋ ಚೀರಿದಳು. ತಂಗಿ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತು, ಜೋರಾಗಿ ಕೇಳುವಂತೆ ಉಸಿರು ಎಳೆದು ಬಿಡತೊಡಗಿದಳು.

ಮೊದಲು ಎದ್ದವಳು ಸಣ್ಣ ಸೊಸೆ. ಉಡಿಯಲ್ಲಿದ್ದ ಅಕ್ಕಿ ಕೊಬ್ಬರಿಯನ್ನು ಗಂಟು ಹಾಕಿಕೊಂಡಳು. ‘ನಾ ಮುಗದಕ್ಕ ಹೋಗ್ತೇನ್ರಿ ಅತ್ತಿ. ಹಡದ ಮ್ಯಾಲ ಬರ್ತೇನಿ’ ಎಂದಳು. ಮಾವ ಇನ್ನೂ ಮೂಗಿನ ಮೇಲೆ ವಲ್ಲಿ ಹಿಡಿದುಕೊಂಡೇ ನಿಂತಿದ್ದರು. ಅವಳು ಒಂದು ಕೈಯಿಂದ ಹೊಟ್ಟೆ ಹಿಡಿದು, ಇನ್ನೊಂದರಿಂದ ಹೊಸ ಹಸಿರು ಸೀರೆಯ ನೆರಿಗೆ ಎತ್ತಿಕೊಂಡು, ಒಂದು ಹನಿಯೂ ತಾಕದ ಹಾಗೆ ಆ ಹೊಸ್ತಿಲನ್ನು ದಾಟಿದಳು.